ಝೂ ಶಿಬಿರ: ದಿನಕ್ಕೆ ಎರಡೇ ಪ್ರಾಣಿ ಸಾಕು

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಬೇಸಿಗೆ ಶಿಬಿರದ ಪೋಸ್ಟರ್‌ಗಳದೇ ಕಾರುಬಾರು. ಈಜು, ಚೆಸ್, ರೋಬೋಟಿಕ್ಸ್‌ಗಳ ನಡುವೆ ಝೂ ಶಿಬಿರದ್ದೂ ಒಂದಿರುತ್ತದೆ, ಐದು ದಿನದಲ್ಲಿ ಐವತ್ತು ಪ್ರಾಣಿ ಎನ್ನುವ ಧಾಟಿಯಲ್ಲಿ. ಆ ಐವತ್ತೇ ತೊಂದರೆ. ಒಂದು ಆವರಣದ ಮುಂದೆ ಮೂರು ನಿಮಿಷ ನಿಂತು, ಫಲಕ ಓದಿ, ಫೋಟೋ ತೆಗೆಸಿಕೊಂಡು ಮುಂದೆ ಹೋದ ಮಗುವಿಗೆ ಸಂಜೆ ನೆನಪಿರುವುದು ಐಸ್‌ಕ್ರೀಮ್ ಮಾತ್ರ. ದಿನಕ್ಕೆ ಎರಡು ಪ್ರಾಣಿ ಸಾಕು. ಅವುಗಳ ಮುಂದೆ ಸುಮ್ಮನೆ ನಿಲ್ಲಿಸಿದರೆ ಮಕ್ಕಳು ಐದು ನಿಮಿಷಕ್ಕೇ ಜಗಳ ಶುರುಮಾಡುತ್ತಾರೆ, ಅದಕ್ಕೇ ಕೈಗೊಂದು ಕೆಲಸ ಬೇಕು. ಆ ಕೆಲಸಗಳ ಬಗ್ಗೆಯೇ ಈ ಬರಹ. ಮೃಗಾಲಯ ತಾನೇ ನಡೆಸುವ ಶಿಬಿರವಾಗಲಿ, ಶಾಲೆಯವರು ಅನುಮತಿ ಪಡೆದು ಮಾಡುವುದಾಗಲಿ, ಲೆಕ್ಕ ಒಂದೇ.

ಮೊದಲು ದಿನ ಗೊತ್ತು ಮಾಡಿಕೊಳ್ಳುವುದು. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ. ಶನಿವಾರ, ಭಾನುವಾರ ಜನಜಂಗುಳಿ, ಮಕ್ಕಳು ಗಾಜಿನ ಹತ್ತಿರ ಹೋಗುವುದೇ ಕಷ್ಟ. ಹಾಗಾಗಿ ಸೋಮವಾರದಿಂದ ಶುಕ್ರವಾರ ಎಂಬ ಶಾಲೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬುಧ, ಗುರು, ಶುಕ್ರ, ಮತ್ತೆ ಸೋಮವಾರ, ಹೀಗೆ ನಾಲ್ಕು ದಿನ ಇಟ್ಟುಕೊಂಡರೆ ಅನುಕೂಲ. ನಡುವಿನ ಎರಡು ದಿನ ಮಕ್ಕಳಿಗೆ ಮನೆಯಲ್ಲಿ ಮಾಡುವ ಕೆಲಸ ಕೊಡಬಹುದು. ಮೆಜೆಸ್ಟಿಕ್‌ನಿಂದ ಸುಮಾರು 22 ಕಿಲೋಮೀಟರ್ ದಾರಿ, 365ನೇ ನಂಬರ್ ಬಸ್ಸು ಗೇಟಿನವರೆಗೂ ಹೋಗುತ್ತದೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಬೆಳಗ್ಗೆ ಹನ್ನೊಂದೂವರೆ ದಾಟಿದ ಮೇಲೆ ಪ್ರಾಣಿಗಳು ನೆರಳು ಹುಡುಕಿ ಮಲಗುತ್ತವೆ, ಮೂರೂವರೆ-ನಾಲ್ಕಕ್ಕೆ ಗುಡುಗು-ಮಳೆ. ಆದ್ದರಿಂದ ಹೊರಗಿನ ಕೆಲಸವೆಲ್ಲ ಬೆಳಗ್ಗೆಯೇ ಮುಗಿಯಬೇಕು. ಊಟದ ನಂತರದ್ದು ಸೂರಿನ ಕೆಳಗೆ. ಗುಡುಗು ಕೇಳಿಸಿದ ಮೇಲೆ ಮರದಡಿ ನಿಲ್ಲುವುದು ಬೇಡವೇ ಬೇಡ.

ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು. ಅದಕ್ಕಿಂತ ಹೆಚ್ಚು ಮಕ್ಕಳಿದ್ದರೆ ತಲೆ ಎಣಿಸುವುದರಲ್ಲೇ ಹೊತ್ತು ಹೋಗುತ್ತದೆ. ಬುತ್ತಿಗೆ ಮೊಸರನ್ನ, ಚಿತ್ರಾನ್ನ ಒಳ್ಳೆಯದು. ಬಾಳೆಹಣ್ಣು ಚೀಲದ ಹೊರಗೆ ಇಣುಕುವಂತಿದ್ದರೆ ಅದು ನಿಮ್ಮದಲ್ಲ, ಅಲ್ಲಿ ಓಡಾಡಿಕೊಂಡಿರುವ ಕೋತಿಗಳದ್ದು. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಸ್ಟೀಲ್ ಬಾಟಲಿ ಇರಲಿ. ಮೃಗಾಲಯದ ಪ್ರಾಣಿಗೆ ತಿನ್ನಿಸುವುದು, ಕೆಣಕುವುದು, ಕೂಗಾಡಿ ತೊಂದರೆ ಕೊಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇದನ್ನು ಮೊದಲ ದಿನವೇ ಹೇಳಿಬಿಡಿ. ‘ಮ್ಯಾಮ್ ಬೈತಾರೆ’ ಅನ್ನುವುದಕ್ಕಿಂತ ‘ಕಾನೂನು ಇದೆ’ ಅನ್ನುವುದು ಹತ್ತು ವರ್ಷದವರಿಗೆ ಬಹಳ ಇಷ್ಟ. ಆಮೇಲೆ ಗಾಜು ಬಡಿಯುವ ದೊಡ್ಡವರನ್ನು ಅವರೇ ತಡೆಯುತ್ತಾರೆ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಪ್ರತಿ ಮಗುವಿಗೆ ಒಂದು ಎ4 ಹಾಳೆ, ಒಂದು ರಟ್ಟಿನ ಪ್ಯಾಡು, ಪ್ಯಾಡಿಗೆ ದಾರದಲ್ಲಿ ಕಟ್ಟಿದ ಪೆನ್ಸಿಲ್. ಕಟ್ಟದಿದ್ದರೆ ಒಂದಾದರೂ ಪೆನ್ಸಿಲ್ ಕಂದಕಕ್ಕೆ ಬೀಳುತ್ತದೆ, ಅದನ್ನು ತೆಗೆಯಲು ಪ್ರಾಣಿಯನ್ನು ಒಳಕೋಣೆಗೆ ಸೇರಿಸಬೇಕಾಗುತ್ತದೆ, ಪ್ರಾಣಿ ನೋಡಿಕೊಳ್ಳುವ ಪಾಲಕರು ಮತ್ತೆ ನಿಮ್ಮ ಗುಂಪಿನ ಮುಖ ನೋಡುವುದಿಲ್ಲ. ಹಾಳೆಯ ಎಡಗಡೆ 1ರಿಂದ 20ರವರೆಗೆ ಸಾಲು, ನಿಮಿಷಕ್ಕೊಂದು. ಮೇಲ್ಗಡೆ ಸಂಕೇತಗಳು: ಮ ಎಂದರೆ ಮಲಗಿದೆ, ಕೂ ಕೂತಿದೆ, ನಿ ನಿಂತಿದೆ, ನ ನಡೆಯುತ್ತಿದೆ, ತಿ ತಿನ್ನುತ್ತಿದೆ, ಮೂ ಮೂಸುತ್ತಿದೆ, ನೆ ಮೈ ನೆಕ್ಕಿಕೊಳ್ಳುತ್ತಿದೆ, ಕಾ ಕಾಣಿಸುತ್ತಿಲ್ಲ. ಜೊತೆಯಲ್ಲಿರುವ ದೊಡ್ಡವರು ಗಡಿಯಾರ ನೋಡಿಕೊಂಡು ನಿಮಿಷಕ್ಕೊಮ್ಮೆ ಕೈ ಎತ್ತುತ್ತಾರೆ, ಸೀಟಿ ಊದುವಂತಿಲ್ಲ. ಕೈ ಎತ್ತಿದ ಕ್ಷಣಕ್ಕೆ ಪ್ರಾಣಿ ಏನು ಮಾಡುತ್ತಿದೆಯೋ ಅದನ್ನಷ್ಟೇ ಬರೆಯಬೇಕು. ನಡುವೆ ನಡೆದದ್ದನ್ನು ಹಾಳೆಯ ಬಲಗಡೆ ಟಿಪ್ಪಣಿ ಮಾಡಬಹುದು. ಎಂಟು-ಒಂಬತ್ತು ವರ್ಷದವರಿಗೆ ಹತ್ತು ನಿಮಿಷ ಸಾಕು, ಹನ್ನೊಂದು ದಾಟಿದವರು ಇಪ್ಪತ್ತು ನಿಮಿಷ ನಿಲ್ಲುತ್ತಾರೆ.

ಮೊದಲ ಹಾಳೆಗೆ ಹುಲಿ ಬೇಡ. ಹುಲಿ, ಸಿಂಹ, ಚಿರತೆ ದಿನದ ಬಹುಪಾಲು ಹೊತ್ತು ಮಲಗಿಯೇ ಕಳೆಯುತ್ತವೆ. ಇಪ್ಪತ್ತು ಸಾಲಿಗೂ ಮ, ಮ, ಮ ಬರೆದ ಮಗುವಿಗೆ ಎರಡನೇ ಹಾಳೆ ಕೊಡಲಾಗದು. ಕೋತಿ ಅಥವಾ ಜಿಂಕೆಯಿಂದ ಶುರುಮಾಡಿ. ಜಿಂಕೆ ಹಿಂಡಾದರೆ ಒಂದೇ ಜಿಂಕೆಯನ್ನು ಗುರುತು ಹಿಡಿದುಕೊಳ್ಳಬೇಕು: ಕಿವಿಯ ತುದಿ ಹರಿದದ್ದು, ಕೊಂಬಿನ ಒಂದು ಕವಲು ಗಿಡ್ಡಗಿರುವುದು, ಹೀಗೆ. ‘ಆ ದೊಡ್ಡದು’ ಅಂದರೆ ಮೂರನೇ ನಿಮಿಷಕ್ಕೆ ಬೇರೆ ದೊಡ್ಡದರ ಮೇಲೆ ಕಣ್ಣು ಹೋಗಿರುತ್ತದೆ.

ಹಾಳೆಯಲ್ಲಿ ಮಾಮೂಲಿಯಾಗಿ ಬರುವ ತಪ್ಪು ಎಂದರೆ ‘ಬೇಜಾರಾಗಿದೆ’, ‘ಸಿಟ್ಟು ಬಂದಿದೆ’, ‘ನಮ್ಮನ್ನು ನೋಡಿ ಖುಷಿಯಾಯ್ತು’ ಎಂದು ಬರೆಯುವುದು. ಆಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಸಿಟ್ಟು ಬಂದಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು, ಏನು ಕಾಣಿಸ್ತು? ಕಿವಿ ಹಿಂದಕ್ಕೆ ಹೋಯಿತು, ಬಾಲ ಆಡಿತು, ಹಲ್ಲು ತೋರಿಸಿತು. ಅಲ್ಲಿಗೆ ಸರಿಯಾದ ಟಿಪ್ಪಣಿ ಸಿಕ್ಕಿತು. ಕೋತಿ ಹಲ್ಲು ಕಿರಿದರೆ ನಗುತ್ತಿದೆ ಎಂದುಕೊಳ್ಳುವ ದೊಡ್ಡವರೇ ಬೇಕಾದಷ್ಟಿದ್ದಾರೆ. ಅದು ಸಾಮಾನ್ಯವಾಗಿ ಹೆದರಿಕೆಯ ಇಲ್ಲವೇ ಸೋಲೊಪ್ಪಿದ ಗುರುತು.

ಹಾಳೆ ತುಂಬಿದ ಮೇಲೆ ಇಬ್ಬಿಬ್ಬರನ್ನು ಕೂರಿಸಿ ಹೋಲಿಸಲು ಹೇಳಿ. ಒಂದೇ ಪ್ರಾಣಿ, ಒಂದೇ ಹೊತ್ತು, ಆದರೂ ಒಬ್ಬರದು ಹದಿನಾಲ್ಕು ಮ, ಇನ್ನೊಬ್ಬರದು ಒಂಬತ್ತು. ಯಾಕೆ? ತಲೆ ಎತ್ತಿಕೊಂಡು ನೆಲಕ್ಕೆ ಒರಗಿದ್ದನ್ನು ಒಬ್ಬರು ಮಲಗಿದೆ ಎಂದಿದ್ದಾರೆ, ಇನ್ನೊಬ್ಬರು ಕೂತಿದೆ ಎಂದಿದ್ದಾರೆ. ಇಲ್ಲಿ ಯಾರು ಸರಿ ಎಂದು ನೀವು ತೀರ್ಪು ಕೊಡಬಾರದು. ಗದ್ದ ನೆಲಕ್ಕೆ ತಾಗಿದರೆ ಮ, ತಾಗದಿದ್ದರೆ ಕೂ, ಹೀಗೆ ಒಂದು ನಿಯಮವನ್ನು ಅವರೇ ಮಾಡಿಕೊಳ್ಳುತ್ತಾರೆ. ವನ್ಯಜೀವಿ ಸಂಶೋಧಕರು ಕಾಡಿನಲ್ಲಿ ಮಾಡುವುದೂ ಇದನ್ನೇ. ಇಡೀ ಶಿಬಿರದಲ್ಲಿ ಅತಿ ಬೆಲೆಯುಳ್ಳ ಅರ್ಧ ಗಂಟೆ ಇದು, ಇದನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಬೇಕಾದರೆ ಫೇಸ್ ಪೇಂಟಿಂಗ್ ಬಿಟ್ಟುಬಿಡಿ.

ಕೆಲವು ಹಾಳೆಗಳಲ್ಲಿ ನ, ನ, ನ ಎಂದು ಸಾಲಾಗಿ ಬರುತ್ತದೆ. ಪ್ರಾಣಿ ಅದೇ ಬೇಲಿಯ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿರುತ್ತದೆ. ಹಾಳೆಯ ಹಿಂಬದಿ ಆವರಣದ ನಕ್ಷೆ ಬರೆದು ಅದು ನಡೆದ ದಾರಿಯನ್ನು ಗೆರೆ ಎಳೆಯಲು ಹೇಳಿ. ಗೆರೆಗಳು ಒಂದರ ಮೇಲೊಂದು ಬಿದ್ದರೆ ‘ಯಾಕೆ ಹೀಗೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ವಿಷಯ ಹಾರಿಸಬೇಡಿ. ಊಟದ ಹೊತ್ತು ಹತ್ತಿರವಾದಾಗ ಹೀಗೆ ಮಾಡಬಹುದು, ಮಾಡಲು ಬೇರೇನೂ ಇಲ್ಲದೆ ಮಾಡಬಹುದು, ಹಿಂದೆ ಸಣ್ಣ ಬೋನಿನಲ್ಲಿದ್ದಾಗ ಅಂಟಿದ ಚಾಳಿಯೂ ಇರಬಹುದು. ಬನ್ನೇರುಘಟ್ಟಕ್ಕೆ ಸರ್ಕಸ್‌ನಿಂದ ಬಿಡಿಸಿ ತಂದ ಹುಲಿ-ಸಿಂಹಗಳು ಬಂದಿದ್ದವು. ಹತ್ತು ವರ್ಷದ ಮಗುವಿಗೆ ಇಷ್ಟು ಸತ್ಯ ಹೇಳಿದರೆ ಏನೂ ಆಗುವುದಿಲ್ಲ.

ಕರಡಿಗೂ ಇಂಥ ಹಿನ್ನೆಲೆಯಿದೆ. ಇಲ್ಲಿನ ಕರಡಿ ಪುನರ್ವಸತಿ ಕೇಂದ್ರದ ಎಷ್ಟೋ ಕರಡಿಗಳು ಹಿಂದೆ ಬೀದಿಯಲ್ಲಿ ಕುಣಿಯುತ್ತಿದ್ದವು. ಮೂಗಿಗೆ ತೂತು ಮಾಡಿ ಹಗ್ಗ ಪೋಣಿಸಿ, ಹಲ್ಲು ಮುರಿದು ಪಳಗಿಸುತ್ತಿದ್ದರು. 2009ರ ಹೊತ್ತಿಗೆ ಈ ಪದ್ಧತಿ ಹೆಚ್ಚುಕಡಿಮೆ ನಿಂತಿತು. ಇದನ್ನು ಹೇಳಿ, ಆದರೆ ಅಲ್ಲೇ ನಿಲ್ಲಬೇಡಿ, ಕರಡಿಯ ಬಾಯಿಯಷ್ಟು ಸೊಗಸಾದ ಪಾಠ ಇನ್ನೊಂದಿಲ್ಲ. ನಮ್ಮ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಸಹಜವಾಗಿಯೇ ಇರುವುದಿಲ್ಲ. ತುಟಿಯನ್ನು ಮುಂದಕ್ಕೆ ಚಾಚಿ ಕೊಳವೆ ಮಾಡುತ್ತದೆ, ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ, ಮೊದಲು ಉಫ್ ಎಂದು ಮಣ್ಣು ಊದಿ ಆಮೇಲೆ ಗೆದ್ದಲನ್ನು ಆ ಸಂದಿಯಿಂದ ಎಳೆದುಕೊಳ್ಳುತ್ತದೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳಿಸುತ್ತದೆ.

ಇದನ್ನು ಆಟವಾಗಿ ಮಾಡಿಸಬಹುದು. ಪೇಪರ್ ಸ್ಟ್ರಾ ಒಂದೊಂದು, ಎರಡು ಸೆಂಟಿಮೀಟರ್ ಅಗಲದ ಕಾಗದದ ಚೂರು ಇಪ್ಪತ್ತು, ಎರಡು ತಟ್ಟೆ. ಉಸಿರೆಳೆದು ಚೂರನ್ನು ಸ್ಟ್ರಾ ತುದಿಗೆ ಅಂಟಿಸಿಕೊಂಡು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸಾಗಿಸಬೇಕು, ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು. ಆಮೇಲೆ ಸ್ಟ್ರಾ ನಡುವೆ ಒಂದು ತೂತು ಮಾಡಿ ಮತ್ತೆ ಆಡಿಸಿ. ಚೂರು ನಿಲ್ಲುವುದೇ ಇಲ್ಲ. ಹೊಳ್ಳೆ ಯಾಕೆ ಮುಚ್ಚಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಕೆಲವರು ಕಾಗದದ ಬದಲು ಮಂಡಕ್ಕಿ ಇಡುತ್ತಾರೆ. ಬೇಡ, ಸ್ಟ್ರಾ ಒಳಗೆ ಹಿಡಿಯುವಂಥ ಯಾವುದೂ ಬೇಡ, ಎಳೆದುಕೊಂಡರೆ ಗಂಟಲಿಗೆ ಹೋಗುತ್ತದೆ.

ಆನೆ ಹತ್ತಿರ ಗಣಿತ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಗಲ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಕಾಡಿನಲ್ಲಿ ಆನೆಯನ್ನೇ ನೋಡದೆ ಹೆಜ್ಜೆ ನೋಡಿ ಅದರ ಎತ್ತರ ಅಂದಾಜು ಮಾಡುವುದು ಹೀಗೆಯೇ. ಮಾವುತರನ್ನು ಕೇಳಿಕೊಂಡು, ಆನೆ ಹಾದುಹೋಗುವ ದಾರಿಯ ಒಂದು ತುಂಡು ನೆಲಕ್ಕೆ ನೀರು ಹಾಕಿಸಿ ಕೆಸರು ಮಾಡಿಸಿ. ಆನೆ ದಾಟಿ, ದೂರ ಹೋಗಿ, ಮಾವುತರು ಸೈ ಎಂದ ಮೇಲಷ್ಟೇ ಮಕ್ಕಳು ಅಲ್ಲಿಗೆ. ಹೆಜ್ಜೆಯ ಅಂಚಿನ ಗುಂಟ ಸೆಣಬಿನ ದಾರ ಇಟ್ಟು, ಎರಡು ತುದಿ ಕೂಡುವಲ್ಲಿ ಗುರುತು ಹಾಕಿ, ದಾರ ಬಿಡಿಸಿ ಟೇಪಿನಲ್ಲಿ ಅಳೆಯಬೇಕು. 115 ಸೆಂಟಿಮೀಟರ್ ಬಂದರೆ ಎತ್ತರ 230. ಗೋಡೆಯ ಮೇಲೆ ಆ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದರ ಕೆಳಗೆ ಮಕ್ಕಳನ್ನು ನಿಲ್ಲಿಸಿದಾಗ ಲೆಕ್ಕ ಮೈಗಿಳಿಯುತ್ತದೆ.

ಇದರಲ್ಲಿ ಎಡವಟ್ಟಾಗುವುದು ಮೂರು ಕಡೆ. ಉಲ್ಲನ್ ದಾರ ಬಳಸಿದರೆ ಅದು ಹಿಗ್ಗಿ ಆನೆ ಹತ್ತು-ಹದಿನೈದು ಸೆಂಟಿಮೀಟರ್ ಬೆಳೆದುಬಿಡುತ್ತದೆ. ಕೆಸರು ತೀರಾ ತೆಳ್ಳಗಿದ್ದರೆ ಅಂಚು ಹರಡಿಕೊಳ್ಳುತ್ತದೆ, ರಾಗಿ ಮುದ್ದೆಯ ಹದ ಇರಬೇಕು. ಮೂರನೆಯದು ಹಿಂಗಾಲು. ಮುಂಗಾಲಿನ ಹೆಜ್ಜೆ ದುಂಡಗೆ, ಹಿಂಗಾಲಿನದು ಉದ್ದುದ್ದ. ನಡೆಯುವಾಗ ಆನೆ ಮುಂಗಾಲಿಟ್ಟ ಜಾಗದ ಮೇಲೋ ಪಕ್ಕದಲ್ಲೋ ಹಿಂಗಾಲು ಇಡುತ್ತದೆ, ಎರಡೂ ಬೆರೆತ ಗುರುತನ್ನು ಅಳೆದರೆ ಯಾವ ಲೆಕ್ಕವೂ ಕೂಡುವುದಿಲ್ಲ. ದುಂಡಗಿನ ಒಂಟಿ ಹೆಜ್ಜೆ ಹುಡುಕುವುದನ್ನೂ ಮಕ್ಕಳಿಗೇ ಬಿಡಿ. ಉಗುರು ಎಣಿಸಲು ಮರೆಯಬೇಡಿ: ಏಷ್ಯಾದ ಆನೆಗೆ ಸಾಮಾನ್ಯವಾಗಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು.

ಮಧ್ಯಾಹ್ನಕ್ಕೆ ಲದ್ದಿ. ಮೂಗು ಮುಚ್ಚಿಕೊಂಡು ಬರುವವರೇ ಆಮೇಲೆ ಎಬ್ಬಿಸಿದರೂ ಏಳುವುದಿಲ್ಲ. ಪ್ರಾಣಿ ಪಾಲಕರಿಂದ ಪಡೆದ ಆನೆ ಲದ್ದಿಯನ್ನು ಮೂರು-ನಾಲ್ಕು ದಿನ ಬಿಸಿಲಲ್ಲಿ ಒಣಗಿಸಿಟ್ಟಿರಬೇಕು. ಕೈಗೆ ಗವಸು, ದೂಳಿಗೆ ಮಾಸ್ಕ್. ಚಿಮಟದಲ್ಲಿ ಬಿಡಿಸಿದರೆ ನಾರು, ತೊಗಟೆಯ ಚೂರು, ಕೆಲವೊಮ್ಮೆ ಇಡೀ ಬೀಜಗಳು. ಪಕ್ಕದಲ್ಲಿ ಜಿಂಕೆಯ ಹಿಕ್ಕೆ ಒಡೆದು ನೋಡಿದರೆ ನುಣ್ಣಗಿನ ಪುಡಿ. ಎರಡೂ ಸೊಪ್ಪು-ಹುಲ್ಲು ತಿನ್ನುವ ಪ್ರಾಣಿಗಳೇ, ಇಷ್ಟು ವ್ಯತ್ಯಾಸ ಯಾಕೆ? ಬೆಳಗಿನ ಹಾಳೆ ತೆಗೆದು ನೋಡಲು ಹೇಳಿ. ಜಿಂಕೆ ಮಲಗಿಕೊಂಡು ದವಡೆ ಆಡಿಸುತ್ತಿದ್ದದ್ದು ಅಲ್ಲಿ ಬರೆದಿರುತ್ತದೆ. ಅದು ಮೆಲುಕು ಹಾಕುತ್ತದೆ, ತಿಂದದ್ದನ್ನು ಮತ್ತೆ ಬಾಯಿಗೆ ತಂದು ಅರೆಯುತ್ತದೆ. ಆನೆಗೆ ಆ ಸೌಕರ್ಯವಿಲ್ಲ. ತಿಂದದ್ದರಲ್ಲಿ ಅರ್ಧದಷ್ಟೂ ಜೀರ್ಣವಾಗದೆ ಹೊರಬೀಳುತ್ತದೆ, ಅದಕ್ಕೇ ದಿನಕ್ಕೆ ಸುಮಾರು ನೂರೈವತ್ತು ಕಿಲೋ ಮೇವು ಬೇಕು.

ಹಾವಿನ ದಿನಕ್ಕೆ ಪೊರೆ ಇದ್ದರೆ ಸಾಕು, ಹಾವನ್ನು ಕೈಗೆ ಕೊಡುವ ಶಿಬಿರಕ್ಕೆ ಮಕ್ಕಳನ್ನು ಕಳಿಸಲೇಬೇಡಿ. ಮೃಗಾಲಯದ ಶಿಕ್ಷಣ ವಿಭಾಗದವರ ಬಳಿ ಪೊರೆ ಇದ್ದರೆ ಕೇಳಿ ಕಪ್ಪು ರಟ್ಟಿನ ಮೇಲೆ ಹಾಸಿ, ಒಂದು ಭೂತಗನ್ನಡಿ ಕೊಡಿ. ಬೆನ್ನಿನ ಕಡೆ ಸಣ್ಣ ಸಣ್ಣ ಹುರುಪೆ, ಹೊಟ್ಟೆಯ ಕಡೆ ಅಡ್ಡಡ್ಡಕ್ಕೆ ಅಗಲದ ಪಟ್ಟಿಗಳು. ತಲೆಯ ಭಾಗ ಹರಿಯದೆ ಉಳಿದಿದ್ದರೆ ಕಣ್ಣಿನ ಜಾಗದಲ್ಲಿ ಗಾಜಿನಂಥ ಗುಂಡು ಪೊರೆ ಕಾಣುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲಿನ ಆ ಮುಚ್ಚಳವೂ ಚರ್ಮದ ಜೊತೆಗೇ ಕಳಚುತ್ತದೆ. ಮಕ್ಕಳು ಟೇಪು ಹಿಡಿದು ಅಳೆದು ಹಾವು ಇಷ್ಟುದ್ದ ಎಂದು ಘೋಷಿಸುತ್ತಾರೆ. ಅದು ತಪ್ಪು. ಕಾಲ್ಚೀಲ ತೆಗೆದಂತೆ ಒಳಗಿನದು ಹೊರಗಾಗಿ ಕಳಚುವಾಗ ಪೊರೆ ಹಿಗ್ಗುತ್ತದೆ, ಹಾವು ಅದಕ್ಕಿಂತ ಗಿಡ್ಡ. ಹಾವು ಹಾಲು ಕುಡಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಮನೆಯಲ್ಲಿ ಅಜ್ಜಿ ಬೇರೆ ಹೇಳಿದ್ದರೆ ಅಜ್ಜಿಯ ಜೊತೆ ವಾದಕ್ಕಿಳಿಯುವ ಕೆಲಸ ಮಗುವಿಗೆ ಹಚ್ಚಬೇಡಿ. ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕು ವಿಷದ ಹಾವುಗಳ ಚಿತ್ರ ಗುರುತು ಹಿಡಿಯಲು ಬಂದರೆ ಸಾಕು. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ, ನೇರ ಆಸ್ಪತ್ರೆಗೆ ಎಂಬುದನ್ನು ಬಾಯಿಪಾಠ ಮಾಡಿಸಿ.

ಹುಲಿಗೂ ಸಿಂಹಕ್ಕೂ ಜಗಳವಾದರೆ ಗೆಲ್ಲುವವರು ಯಾರು? ಈ ಪ್ರಶ್ನೆ ಪ್ರತಿ ತಂಡದಲ್ಲೂ ಬರುತ್ತದೆ. ನಮ್ಮ ದೇಶದಲ್ಲಿ ಕಾಡಿನ ಸಿಂಹ ಇರುವುದು ಗುಜರಾತಿನ ಗಿರ್ ಸೀಮೆಯಲ್ಲಿ, ಅಲ್ಲಿ ಹುಲಿಗಳು ನೆಲೆಸಿಲ್ಲ, ಜಗಳಕ್ಕೆ ಅವಕಾಶವೇ ಇಲ್ಲ ಎಂದು ಹೇಳಿ ಮುಂದೆ ನಡೆಯಿರಿ.

ಕೊನೆಯ ದಿನದ ಕೆಲಸ ಪ್ರಾಣಿಗಳಿಗೆ ಪೊಟ್ಟಣ ಮಾಡುವುದು. ಆಹಾರವನ್ನು ತಟ್ಟೆಯಲ್ಲಿಡುವ ಬದಲು ಹುಡುಕಿ, ಬಿಚ್ಚಿ ತಿನ್ನುವಂತೆ ಕೊಟ್ಟರೆ ಪ್ರಾಣಿಗೆ ಹೊತ್ತು ಹೋಗುತ್ತದೆ, ಮೃಗಾಲಯಗಳು ಇದನ್ನು ನಿತ್ಯದ ಆರೈಕೆಯ ಭಾಗವಾಗಿ ಮಾಡುತ್ತವೆ. ಮಕ್ಕಳು ಮಾಡುವುದಕ್ಕೆ ಪ್ರಾಣಿ ಪಾಲಕರ ಮತ್ತು ಪಶುವೈದ್ಯರ ಒಪ್ಪಿಗೆ ಮೊದಲೇ ಬೇಕು, ಪೊಟ್ಟಣಕ್ಕೆ ಹಾಕಿದ್ದು ಅಂದಿನ ಆಹಾರದ ಲೆಕ್ಕದಲ್ಲಿ ಕಳೆಯಬೇಕು. ಕೋತಿಗಾದರೆ ಬಣ್ಣವಿಲ್ಲದ ಕಂದು ಕಾಗದ, ಒಳಗೆ ಸಿಪ್ಪೆ ಸಹಿತ ಕಡಲೆಕಾಯಿ ಐದಾರು, ಒಣಹುಲ್ಲು ಒಂದು ಹಿಡಿ, ಕಟ್ಟಲು ಬಾಳೆ ನಾರು, ಅಂಟಿಸಲು ಮೈದಾ ಗಂಜಿ. ಸ್ಟೇಪಲ್ ಪಿನ್, ಸೆಲ್ಲೋಟೇಪ್, ರಬ್ಬರ್ ಬ್ಯಾಂಡ್, ಪ್ಲಾಸ್ಟಿಕ್ ದಾರ, ಮಿರಿಮಿರಿ ಕಾಗದ ಒಂದೂ ಇರಕೂಡದು. ಕೆಲಸದ ಮೇಜಿನ ಮೇಲೆ ಸ್ಟೇಪ್ಲರ್ ಇಟ್ಟರೆ ಯಾರಾದರೂ ಬಳಸಿಯೇ ಬಳಸುತ್ತಾರೆ, ಆದ್ದರಿಂದ ಅದು ಆ ಕೋಣೆಯಲ್ಲೇ ಇರದಿರಲಿ. ನೆಗಡಿ-ಕೆಮ್ಮು ಇರುವ ಮಗುವಿಗೆ ಅಂದು ಬರೆಯುವ ಕೆಲಸ ಕೊಡಿ, ನಮ್ಮ ಸೋಂಕು ಕೋತಿಗಳಿಗೆ ಸುಲಭವಾಗಿ ಅಂಟುತ್ತದೆ. ಎಲ್ಲರೂ ಕೆಲಸಕ್ಕೆ ಮುಂಚೆಯೂ ಆಮೇಲೂ ಸೋಪು ಹಾಕಿ ಕೈ ತೊಳೆಯಬೇಕು.

ಪೊಟ್ಟಣದ ಸಂಖ್ಯೆ ಕೋತಿಗಳಿಗಿಂತ ನಾಲ್ಕೈದಾದರೂ ಹೆಚ್ಚಿರಲಿ, ದೂರ ದೂರ ಇಡಲಿ. ಇಲ್ಲದಿದ್ದರೆ ಗುಂಪಿನ ಯಜಮಾನ ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ಕೂರುತ್ತದೆ. ಕೋತಿಗಳನ್ನು ಒಳಕೋಣೆಗೆ ಬಿಟ್ಟು ಪ್ರಾಣಿ ಪಾಲಕರೇ ಇಟ್ಟು ಬರುತ್ತಾರೆ. ಅರ್ಧ ಗಂಟೆ ಕೂತು ಮಾಡಿದ ಪೊಟ್ಟಣವನ್ನು ಕೋತಿ ಹತ್ತು ಸೆಕೆಂಡಿನಲ್ಲಿ ಹರಿದರೆ ಮಕ್ಕಳ ಮುಖ ಸಪ್ಪಗಾಗುತ್ತದೆ. ಹಾಗಾಗಬಾರದೆಂದರೆ ಒಂದರೊಳಗೊಂದು ಮೂರು ಪದರ ಮಾಡಿಸಿ, ಕೆಲವು ಖಾಲಿ ಪದರಗಳೂ ಇರಲಿ. ಈಗ ಮತ್ತೆ ಅದೇ ಇಪ್ಪತ್ತು ಸಾಲಿನ ಹಾಳೆ. ಮೊದಲ ದಿನದ ಹಾಳೆಯ ಪಕ್ಕ ಇಟ್ಟು ಕೂ, ಮ ಎಷ್ಟು ಕಡಿಮೆಯಾಯಿತು, ತಿ, ಮೂ ಎಷ್ಟು ಏರಿತು ಎಣಿಸಲಿ. ಕೆಲವೊಮ್ಮೆ ಏನೂ ಬದಲಾಗಿರುವುದಿಲ್ಲ. ಆ ಉತ್ತರವನ್ನೂ ಹಾಗೆಯೇ ಬರೆಯಲಿ, ತಿದ್ದಿಸಬೇಡಿ.

ನಡುವಿನ ಎರಡು ದಿನದ ಮನೆಗೆಲಸ ಅಂದೆನಲ್ಲ, ಅದಕ್ಕೆ ಕರಿಬೇವಿನ ಗಿಡ ಅಥವಾ ನಿಂಬೆ ಗಿಡ ಇದ್ದರೆ ಸಾಕು. ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಕಂದು-ಬಿಳಿ ಹುಳ ಸಿಕ್ಕರೆ ಅದು ಹೆಚ್ಚಾಗಿ ನಿಂಬೆ ಚಿಟ್ಟೆಯದೋ ಅದರ ಸೋದರ ಜಾತಿಯದೋ ಮರಿ. ಬೆಳೆದ ಮೇಲೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಗೊಂಬಿನಂಥದ್ದನ್ನು ಹೊರಚಾಚಿ ಗಬ್ಬು ವಾಸನೆ ಬಿಡುತ್ತದೆ. ಗಾಳಿಯಾಡುವ ಎತ್ತರದ ಡಬ್ಬ, ಬಾಯಿಗೆ ತೆಳು ಬಟ್ಟೆ, ದಿನಕ್ಕೆರಡು ಸಲ ಹೊಸ ಎಲೆ. ಅಂಗಡಿಯ ಕರಿಬೇವು ಬೇಡ, ಔಷಧಿ ಹೊಡೆದಿದ್ದರೆ ಮರುದಿನವೇ ಹುಳ ಸಾಯುತ್ತದೆ. ಎಲೆ ಒದ್ದೆಯಿದ್ದರೆ ಬೂಸಲು ಬರುತ್ತದೆ, ಒರೆಸಿ ಹಾಕಿ. ಹುಳ ತಿನ್ನುವುದು ಬಿಟ್ಟು ಓಡಾಡತೊಡಗಿದರೆ ಕೋಶ ಕಟ್ಟುವ ಹೊತ್ತು, ಓರೆಯಾಗಿ ಒಂದು ಕಡ್ಡಿ ಇಡಿ. ಶಿಬಿರ ಮುಗಿದರೂ ಇದು ಮುಗಿಯುವುದಿಲ್ಲ, ಎಂಟು-ಹತ್ತು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಕೋಶದಿಂದ ಚಿಟ್ಟೆಯ ಬದಲು ಸಣ್ಣ ಕಣಜವೋ ನೊಣವೋ ಬಂದರೆ ಮಗು ಅತ್ತರೂ ಹೇಳಿ, ಹುಳದ ಮೈಯಲ್ಲಿ ಮೊಟ್ಟೆಯಿಡುವ ಜಾತಿ ಅದು. ಚಿಟ್ಟೆಯೇ ಬಂದರೆ ರೆಕ್ಕೆ ಕೆಳಗೆ ಇಳಿಬಿಟ್ಟು ಒಣಗಿಸಿಕೊಳ್ಳಲು ಜಾಗ ಬೇಕು, ಡಬ್ಬ ಅಡ್ಡ ಮಲಗಿಸಿದ್ದರೆ ರೆಕ್ಕೆ ಮುದುಡಿ ಹಾಗೇ ಗಟ್ಟಿಯಾಗುತ್ತದೆ. ಕೆಳಗೆ ಕೆಂಬಣ್ಣದ ಹನಿ ಬಿದ್ದಿದ್ದರೆ ಗಾಬರಿ ಬೇಡ, ರಕ್ತವಲ್ಲ, ಕೋಶದೊಳಗೆ ಶೇಖರವಾಗಿದ್ದ ಕಸ. ಬಿಸಿಲು ಬಂದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಅದೇ ಗಿಡದ ಹತ್ತಿರ ಬಿಡಿ. ಮಧ್ಯಾಹ್ನ ಮೋಡ ಕಟ್ಟಿದ್ದರೆ ಮರುದಿನದವರೆಗೂ ಡಬ್ಬದಲ್ಲೇ ಇರಲಿ, ಒಂದು ದಿನ ಆಹಾರವಿಲ್ಲದೆ ಇರಬಲ್ಲದು.